ರುಮಾಲು ಸುತ್ತಿ ಮುಗಿಯುವವರೆಗೆ

ಆ ದಿನದ ವೇಳಾಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಎರಡು ಹಾಳೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಬೆಳಿಗ್ಗೆ ಒಂಬತ್ತಕ್ಕೆ ಇಂಡಿ, ಹನ್ನೊಂದೂವರೆಗೆ ಸಿಂದಗಿ, ಎರಡಕ್ಕೆ ಮುದ್ದೇಬಿಹಾಳ, ನಾಲ್ಕೂವರೆಗೆ ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿ, ಐದೂವರೆಗೆ ಹೈದರಾಬಾದಿನ ಕಡೆ ಪ್ರಯಾಣ. ಕೊನೆಯ ಊರಿನ ಕೆಳಗೆ, ಸ್ವಾಗತಕ್ಕೂ ಸನ್ಮಾನಕ್ಕೂ ನಡುವೆ, ‘ಮಹಿಳಾ ಉತ್ಪಾದಕರ ಪರವಾಗಿ ಮಾತು: ಐದು ನಿಮಿಷ’ ಎಂದು ಅಚ್ಚಾಗಿತ್ತು. ಆ ಐದು ನಿಮಿಷ ಸಿಕ್ಕಿದ್ದ ಹೆಣ್ಣುಮಗಳಿಗೆ ಆ ಹಾಳೆಯಲ್ಲಿ ಉಳಿದ ಯಾವ ಸಾಲೂ ಬೇಕಾಗಿರಲಿಲ್ಲ.

ಈ ನಾಲ್ಕು ತಾಲ್ಲೂಕುಗಳ ಸುದ್ದಿ ಬರೆಯುತ್ತ ನನಗೆ ಇಪ್ಪತ್ತೈದು ವರ್ಷ ಕಳೆದಿದೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಸಮಿತಿಗಳು ಬಂದು ಹೋಗಿವೆ. ಬೆಳೆ ನೋಡುವ ಸಮಿತಿ, ಕಾಲುವೆ ನೋಡುವ ಸಮಿತಿ, ಹಿಂದಿನ ಸಮಿತಿ ಏನು ನೋಡಿತು ಎಂದು ನೋಡುವ ಸಮಿತಿ. ಆದರೆ ಹೊರದೇಶದ ಹಣಕಾಸು ಸಚಿವರೊಬ್ಬರು, ಅಭಿವೃದ್ಧಿ ಬ್ಯಾಂಕಿನ ಉಪಾಧ್ಯಕ್ಷರೊಬ್ಬರು ಒಂದೇ ವಾಹನದಲ್ಲಿ ಕುಳಿತು ನಮ್ಮ ಕಡೆಗೆ ಬಂದದ್ದು ಅದೇ ಮೊದಲು. ಒಣಬೇಸಾಯದ ಸೀಮೆಗಳಲ್ಲಿ ಸಣ್ಣ ಪ್ರಮಾಣದಲ್ಲಿ ತಿನಿಸು ತಯಾರಿಸುವವರಿಗೆ ದೂರದ ಮಾರುಕಟ್ಟೆ ತೆರೆಯಬೇಕೆಂದು ಹಲವು ದೇಶಗಳು ಸೇರಿ ಒಂದು ಯೋಜನೆ ಮಾಡಿದ್ದವು. ಅದಕ್ಕೆ ದಾರಿ ತೋರಿಸಲು ಐದು ಜನರ ಮಾರ್ಗದರ್ಶಿ ಸಮಿತಿ. ಬ್ಯಾಂಕಿನ ಉಪಾಧ್ಯಕ್ಷರೇ ಅದರ ಅಧ್ಯಕ್ಷರು. ಯುರೋಪಿನವರು, ಆರಡಿ ಮೀರಿದ ಆಳು, ನಮ್ಮ ಬಾಗಿಲುಗಳಿಗೆಲ್ಲ ತಲೆ ಬಗ್ಗಿಸಿಯೇ ನಡೆಯುವವರು. ಸಚಿವೆ ಆಫ್ರಿಕಾದ ಒಂದು ದೇಶದವರು, ಬಾಯಿ ತುಂಬ ನಗುವ ಹೆಣ್ಣುಮಗಳು. ಉಳಿದ ಮೂವರು ಬೇರೆ ಬೇರೆ ಸರ್ಕಾರಗಳ ಹಣಕಾಸು ಇಲಾಖೆಯ ಅಧಿಕಾರಿಗಳು. ಅವರು ಹೆಚ್ಚು ಮಾತನಾಡಲಿಲ್ಲ, ಎಲ್ಲವನ್ನೂ ಬರೆದುಕೊಂಡರು.

ಯೋಜನೆಯ ಕರಡು ನಿಯಮಗಳು ಮೊದಲೇ ಬಂದಿದ್ದವು. ಭೇಟಿಗೆ ಒಂದು ವಾರ ಮೊದಲು, ಮುನ್ನೋಟದ ವರದಿಗೆಂದು ನಾನು ಹೂವಿನ ಹಿಪ್ಪರಗಿಗೆ ಹೋದೆ. ಅಲ್ಲಿ ಮೂವತ್ತೆಂಟು ಹೆಣ್ಣುಮಕ್ಕಳು ಕಡಕ್ ರೊಟ್ಟಿ ಮಾಡಿ ಸೊಲ್ಲಾಪುರ, ಪುಣೆಗೆ ಕಳುಹಿಸುತ್ತಾರೆ. ಬಿಳಿಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ತೆಳ್ಳಗೆ ಬಡಿದು, ಹಂಚಿನಲ್ಲಿ ಬೇಯಿಸಿ, ಆಮೇಲೆ ಒಲೆಯ ಪಕ್ಕದ ಕಾವಿನಲ್ಲಿ ಗರಿಗರಿ ಆಗುವವರೆಗೆ ಒಣಗಿಸಿದ ರೊಟ್ಟಿ ಅದು. ತಿಂಗಳಾದರೂ ಕೆಡುವುದಿಲ್ಲ. ಅವರ ಗುಂಪಿನ ಮುಖ್ಯಸ್ಥೆಯನ್ನು ಊರೆಲ್ಲ ಅಕ್ಕಾರ ಎನ್ನುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ನಾನು ಹೋದಾಗ ಆಕೆ ಒಲೆಯ ಮುಂದಿದ್ದರು. ಹೊರಗಿನ ಕಟ್ಟೆಯ ಮೇಲೆ ಅವರ ಮಾವ, ಬಿಳಿ ರುಮಾಲಿನ ಅಜ್ಜ, ಕಾಲು ಚಾಚಿ ಕುಳಿತಿದ್ದರು.

“ಬರ್ರಿ ಪೇಪರ್ ಸಾಹೇಬ್ರ. ಕುಂದರ್ರಿ. ಇದೊಂದು ಹಾಳಿ ಓದ್ರಿ ಮೊದಲ. ನಾನೂ ಓದೇನಿ, ಆದ್ರ ನಾ ತಿಳ್ಕೊಂಡಿದ್ದು ಖರೇ ಏನು ಸುಳ್ಳೇನು ನೋಡ್ರಿ,” ಎಂದು ಅಕ್ಕಾರ ಕರಡಿನ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಒಂದು ಸಾಲಿನ ಕೆಳಗೆ ಇದ್ದಿಲಿನಿಂದ ಗೆರೆ ಎಳೆದಿತ್ತು. ನೆರವಿಗೆ ಅರ್ಹವಾಗುವ ಘಟಕ ಎಂದರೆ ವಾಸದ ಮನೆಯಿಂದ ಪ್ರತ್ಯೇಕವಾದ ಕಟ್ಟಡ ಎಂದು ಆ ಸಾಲು ಹೇಳುತ್ತಿತ್ತು.

“ನೀವು ತಿಳ್ಕೊಂಡಿದ್ದು ಸರಿ ಐತಿ ಅಕ್ಕಾರ,” ಅಂದೆ.

“ಅಂದ್ರ ನಮ್ಮ ಮೂವತ್ತೆಂಟು ಒಲಿ ಲೆಕ್ಕಕ್ಕಿಲ್ಲ?”

“ಇದರ ಪ್ರಕಾರ ಇಲ್ಲ.”

“ಒಂದು ಶೆಡ್ ಕಟ್ಟಿದ್ರ ಲೆಕ್ಕಕ್ಕೈತಿ?”

“ಹೌದ್ರಿ.”

ಅಕ್ಕಾರ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. “ಬಾಜೂ ಊರಾಗ ಹಿಂದ ಒಂದು ಶೆಡ್ ಕಟ್ಟಿದ್ರಲ್ಲ, ಉಪ್ಪಿನಕಾಯಿ ಹಾಕಾಕ. ಈಗ ಅದರಾಗ ಏನೈತಿ, ಕೇಳ್ರಿ ನಮ್ಮ ಮಾವಾರನ್ನ.”

“ತೊಗರಿ ಕಟಗಿ,” ಎಂದರು ಹೊರಗಿನಿಂದ ಅಜ್ಜ. “ಮತ್ತ ಒಂದು ಆಡು.”

ಶೆಡ್ಡಿನ ಮೇಲೆ ಆಕೆಗೆ ಸಿಟ್ಟೇನೂ ಇರಲಿಲ್ಲ. ಗುಂಪಿನಲ್ಲಿ ಕೈಗೂಸು ಇರುವವರಿದ್ದರು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವರಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇನ್ನೊಂದು ಕಡೆ ಹೋಗಿ ಕುಳಿತು ರೊಟ್ಟಿ ಬಡಿಯುವುದು ಅರ್ಧಕ್ಕರ್ಧ ಜನಕ್ಕೆ ಆಗದ ಮಾತು. ಮನೆಯಲ್ಲೇ ಮಾಡಿದರೆ ಉಳಿದ ಕೆಲಸದ ನಡುವೆ ನೂರು ರೊಟ್ಟಿ ಏಳುತ್ತಿತ್ತು. ನಿಯಮ ಹೀಗೇ ಉಳಿದರೆ ಯೋಜನೆ ಬರುವುದು ಹೊಸ ಶೆಡ್ ಕಟ್ಟುವವರಿಗೆ. ಹತ್ತು ವರ್ಷದಿಂದ ರೊಟ್ಟಿ ಕಳುಹಿಸುತ್ತಿರುವ ಇವರು ಹೊರಗೆ ಉಳಿಯುತ್ತಿದ್ದರು. ಅದಕ್ಕೇ ಆ ಐದು ನಿಮಿಷ ಬೇಕಿತ್ತು.

“ನನ್ನ ಭಾಷಣ ಕೇಳ್ರಿ. ಎಷ್ಟು ಹೊತ್ತು ಆಗ್ತೈತಿ ನೋಡ್ರಿ,” ಎಂದು ಅಕ್ಕಾರ ಎದ್ದು ನಿಂತು, ಕೈ ಒರೆಸಿಕೊಂಡು ಶುರು ಮಾಡಿದರು. ನಾನು ಗಡಿಯಾರ ನೋಡಿದೆ. ಹನ್ನೊಂದು ನಿಮಿಷ.

ನಾನು ಸಾಮಾನ್ಯವಾಗಿ ಸುದ್ದಿಯೊಳಗೆ ಕೈ ಹಾಕುವವನಲ್ಲ. ಆದರೆ ಉದ್ದದ ಬರಹ ಎದುರಿಗೆ ಬಂದರೆ ಕತ್ತರಿಸದೆ ಇರಲಾರದ ಅಭ್ಯಾಸ. ಹೊಸ ವರದಿಗಾರರಿಗೆ ಹೇಳುವುದನ್ನೇ ಆಕೆಗೂ ಹೇಳಿದೆ: ಮುಖ್ಯವಾದದ್ದು ಮೊದಲು, ಒಂದು ಮಾತು ಒಂದೇ ಸಲ, ಬಣ್ಣಬಣ್ಣದ ವಿವರ ಬೇಡ. ಗುಂಪು ಹೇಗೆ ಶುರುವಾಯಿತು ಎಂಬುದು ಹೋಯಿತು. ಬೇಸಿಗೆಯಲ್ಲಿ ಹಿಟ್ಟು ಹೇಗೆ ನಾದಬೇಕು ಎಂಬುದು ಹೋಯಿತು. ರೊಟ್ಟಿ ಕಟ್ಟಿಗೆ ಯಾವ ದಾರ ಕಟ್ಟುತ್ತಾರೆ ಎಂಬುದೂ ಹೋಯಿತು.

“ದಾರದ ಮಾತು ಇರ್ಲಿ ಸಾಹೇಬ್ರ,” ಎಂದರು ಅಕ್ಕಾರ.

“ಅದು ಬ್ಯಾಡ್ರಿ. ಸಣ್ಣ ವಿಷಯ.”

“ನಿಮಗ ಸಣ್ಣದು.” ಮುಖ ಸ್ವಲ್ಪ ಗಂಟಾಯಿತು. ಆದರೂ ಬಿಟ್ಟರು. ಕೊನೆಗೆ ನಾಲ್ಕು ನಿಮಿಷ ಐವತ್ತು ಸೆಕೆಂಡಿಗೆ ಇಳಿಯಿತು. ನನಗೆ ನನ್ನ ಬಗ್ಗೆ ಬಹಳ ಮೆಚ್ಚುಗೆಯಾಯಿತು.

ಇನ್ನು ಪೇಟದ ವಿಷಯ ಹೇಳಬೇಕು.

ನಮ್ಮ ಕಡೆ ಅತಿಥಿ ಬಂದರೆ ತಲೆಗೆ ಪೇಟಾ, ಹೆಗಲಿಗೆ ಶಾಲು, ಕೊರಳಿಗೆ ಹಾರ. ಈಗ ಪೇಟಾ ಎಂದರೆ ಟೊಪ್ಪಿಗೆಯಂತೆ ಸಿದ್ಧವಾಗಿಯೇ ಸಿಗುತ್ತದೆ, ತಲೆಯ ಮೇಲೆ ಇಟ್ಟರೆ ಆಯಿತು. ಭೇಟಿಯ ಉಸ್ತುವಾರಿ ಅಧಿಕಾರಿ ಹಾಸನದ ಕಡೆಯವರು, ಅಚ್ಚುಕಟ್ಟು ಮನುಷ್ಯ. ಐದು ಅತಿಥಿಗಳು, ನಾಲ್ಕು ಊರು, ಇಪ್ಪತ್ತು ಪೇಟಾ ಸಾಕು ಎಂದಿದ್ದರು. ಅವರ ಕೈಕೆಳಗಿನ ಸ್ಥಳೀಯರು ಸಾಹೇಬರಿಗೆ ತಿಳಿಯುವುದಿಲ್ಲ ಎಂದು ಅರವತ್ತು ತಂದಿದ್ದರು. ಸಾಹೇಬರಿಗೂ ತಿಳಿದಿರಲಿಲ್ಲ, ಇವರಿಗೂ ತಿಳಿದಿರಲಿಲ್ಲ ಎಂಬುದು ಸಂಜೆಯ ಹೊತ್ತಿಗೆ ಗೊತ್ತಾಯಿತು.

ಇಂಡಿಯಲ್ಲಿ ಲಿಂಬೆಹಣ್ಣು ಆರಿಸುವ ಜಾಗ ನೋಡಿದ ಮೇಲೆ ಸಣ್ಣ ಸಭೆ ಇತ್ತು. ನಾಲ್ವರು ಗಂಡಸರಿಗೆ ಪೇಟಾ ತೊಡಿಸಿದರು. ಸಚಿವೆಗೆ ಶಾಲು, ಹಾರ, ಒಂದು ಬುಟ್ಟಿ ಲಿಂಬೆಹಣ್ಣು ಕೊಟ್ಟರು. ಆಕೆ ತಮ್ಮ ತಲೆಯನ್ನು ಬೆರಳಿನಿಂದ ತೋರಿಸಿ, ನನಗೆಲ್ಲಿ ಎಂದು ಕೇಳಿದರು. ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ದುಭಾಷಿ ಮೇಡಂ ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಸಭೆಗೆ ಅರ್ಥವಾಗಿ ಚಪ್ಪಾಳೆ ಬಿತ್ತು. ಸಚಿವೆಗೂ ಪೇಟಾ ಬಂತು.

ಅಲ್ಲಿಂದ ತಡೆ ಉಳಿಯಲಿಲ್ಲ. ಹೆಣ್ಣುಮಕ್ಕಳಿಗೂ ಹಾಕಬಹುದು ಎಂದಾದ ಮೇಲೆ ವೇದಿಕೆಯ ಮೇಲಿದ್ದ ಊರಿನ ಮೂವರು ಹೆಣ್ಣುಮಕ್ಕಳನ್ನು ಬಿಡುವುದು ಹೇಗೆ? ಅವರಿಗೆ ಹಾಕಿದ ಮೇಲೆ ಅವರ ಪಕ್ಕದಲ್ಲಿ ಕುಳಿತ ಹಿರಿಯರನ್ನು ಬಿಡುವುದು ಹೇಗೆ? ದುಭಾಷಿ ಮೇಡಂ ಬೇಡ ಬೇಡ ಎನ್ನುತ್ತಲೇ ತಲೆ ಬಗ್ಗಿಸಿದರು. ಆಂಬುಲೆನ್ಸಿನ ಡಾಕ್ಟರಿಗೆ ಹಾಕಿದರು. ಡಾಕ್ಟರಿಗೆ ಹಾಕಿ ಅದರ ಡ್ರೈವರಿಗೆ ಹಾಕದಿದ್ದರೆ ಹೇಗೆ?

ಒಬ್ಬರನ್ನು ಬಿಡುವುದು ಎಂದರೆ ಏನು ಎಂದು ನನಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಡಚಣದ ಒಂದು ಸಮಾರಂಭದ ವರದಿಯಲ್ಲಿ ವೇದಿಕೆಯ ಮೇಲಿದ್ದ ಹನ್ನೊಂದು ಜನರ ಪೈಕಿ ಒಬ್ಬರ ಹೆಸರು ಬಿಟ್ಟಿದ್ದೆ. ಮರುದಿನ ಅವರು ಬಸ್ಸು ಹತ್ತಿ ನಮ್ಮ ಕಚೇರಿಗೆ ಬಂದರು. ಜಗಳ ಮಾಡಲಿಲ್ಲ. ನನ್ನ ಎದುರಿನ ಕುರ್ಚಿಯಲ್ಲಿ ಒಂದು ತಾಸು ಸುಮ್ಮನೆ ಕುಳಿತು, ಎದ್ದು ಹೋದರು. ಅಂದಿನಿಂದ ಇಂದಿನವರೆಗೆ ನನ್ನ ವರದಿಯಲ್ಲಿ ಒಂದು ಹೆಸರೂ ತಪ್ಪಿಲ್ಲ.

ಇಂಡಿಯಲ್ಲಿ ಇಪ್ಪತ್ಮೂರು ಪೇಟಾ ಹೋದವು ಎಂದು ನನ್ನ ನೋಟ್‌ಬುಕ್ಕಿನಲ್ಲಿ ಇದೆ. ನನಗೂ ಒಂದು ತೊಡಿಸಲು ಬಂದಿದ್ದರು. ವರದಿ ಮಾಡುವವನು ಪೇಟಾ ಹಾಕಿಕೊಳ್ಳಬಾರದು ಎಂದು ತಪ್ಪಿಸಿಕೊಂಡೆ. ಅದನ್ನು ಪಕ್ಕದಲ್ಲಿ ನಿಂತಿದ್ದ ಫೋಟೋಗ್ರಾಫರ್ ಹಾಕಿಕೊಂಡ. ಹೊರಟಾಗ ನಲವತ್ತು ನಿಮಿಷ ತಡ.

ಸಿಂದಗಿಯಲ್ಲಿ ತೊಗರಿಬೇಳೆಯ ಮಿಲ್ಲು. ಅಧ್ಯಕ್ಷರು ಬಗ್ಗಿ ಬಗ್ಗಿ ಯಂತ್ರ ನೋಡಿ ನಾಲ್ಕು ಒಳ್ಳೆಯ ಪ್ರಶ್ನೆ ಕೇಳಿದರು. ಆದರೆ ಇಂಡಿಯವರು ಎಲ್ಲರಿಗೂ ಪೇಟಾ ಹಾಕಿದ ಸುದ್ದಿ ಫೋನಿನಲ್ಲಿ ಅತಿಥಿಗಳಿಗಿಂತ ಮೊದಲೇ ಬಂದು ಮುಟ್ಟಿತ್ತು.

“ಇಂಡ್ಯಾವರು ಡ್ರೈವರಗೂ ಹಾಕ್ಯಾರಂತ. ನಾವೇನು ಕಡಿಮಿ ಇದ್ದೇವೇನು?” ಎಂದು ಅಲ್ಲಿನ ಮುಖಂಡರೊಬ್ಬರು ಅಧಿಕಾರಿಯನ್ನು ಕೇಳಿದ್ದು ನನ್ನ ಕಿವಿಗೇ ಬಿತ್ತು.

“ಸಾರ್, ಡ್ರೈವರ್‌ಗೆ ಬೆಳಿಗ್ಗೇನೆ ಒಂದು ಆಗಿದೆ,” ಎಂದರು ಅಧಿಕಾರಿ.

“ಅದು ಇಂಡೀದು. ನಮ್ಮದು ಬ್ಯಾರೆ.”

ಅಲ್ಲಿ ಇಪ್ಪತ್ತೊಂದು. ಮುದ್ದೇಬಿಹಾಳದಲ್ಲಿ ಶೇಂಗಾ ಎಣ್ಣೆಯ ಗಾಣ ನೋಡಿದ ಮೇಲೆ ಹದಿನಾರು. ಪೆಟ್ಟಿಗೆ ಖಾಲಿಯಾಯಿತು. ಅತಿಥಿಗಳ ವಾಹನದ ಹಿಂದಿನ ಸೀಟಿನ ಮೇಲೆ ಕೇಸರಿ, ಹಳದಿ, ಗುಲಾಬಿ ಪೇಟಗಳ ರಾಶಿ. ಕುಳಿತವರ ಭುಜದವರೆಗೆ ಬಂದಿತ್ತು. ಸಚಿವೆ ಮಾತ್ರ ಒಂದನ್ನು ಬೆಳಿಗ್ಗೆಯಿಂದ ತೆಗೆದೇ ಇರಲಿಲ್ಲ.

ಹೂವಿನ ಹಿಪ್ಪರಗಿ ಮುಟ್ಟಿದಾಗ ಐದು ಗಂಟೆ ಇಪ್ಪತ್ತೆರಡು ನಿಮಿಷ. ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಮೂವತ್ತೆಂಟು ಹೆಣ್ಣುಮಕ್ಕಳು ಇಳಕಲ್ ಸೀರೆ ಉಟ್ಟು ಮಧ್ಯಾಹ್ನ ಮೂರರಿಂದ ಕುಳಿತಿದ್ದರು. ಅಕ್ಕಾರ ಮುಂದಿನ ಸಾಲಿನಲ್ಲಿದ್ದರು. ಕೈಯಲ್ಲಿ ಹಾಳೆ ಇರಲಿಲ್ಲ, ಬಾಯಿಪಾಠವಾಗಿತ್ತು.

ಅಧಿಕಾರಿ ನೇರವಾಗಿ ಅವರ ಬಳಿ ಹೋದರು. “ಅಮ್ಮಾ, ತಪ್ಪು ತಿಳ್ಕೋಬೇಡಿ. ಟೈಮ್ ಇಲ್ಲ. ಭಾಷಣ ಕೈಬಿಡೋಣ. ನಿಮ್ಮ ಮನವಿ ಬರವಣಿಗೆಯಲ್ಲಿ ಕೊಡಿ, ನಾನು ತಲುಪಿಸ್ತೀನಿ. ಒಂದು ಸನ್ಮಾನ, ಒಂದು ಫೋಟೋ, ಹೊರಟುಬಿಡ್ತಾರೆ.”

“ಐದು ನಿಮಿಷ ಅಂತ ಛಾಪಿಸಿ ಕೊಟ್ಟೀರಿ ಸಾಹೇಬ್ರ,” ಎಂದರು ಅಕ್ಕಾರ.

“ಹೌದು. ನನ್ನದೇ ತಪ್ಪು. ಆದರೆ ವಿಮಾನ ನನ್ನ ಮಾತು ಕೇಳಲ್ಲ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ‘5.25, ಭಾಷಣ ರದ್ದು’ ಎಂದು ಬರೆದುಕೊಂಡೆ. ಅಕ್ಕಾರ ನನ್ನ ಕಡೆ ಒಮ್ಮೆ ನೋಡಿ ಸೆರಗು ಸರಿಪಡಿಸಿಕೊಂಡು ಕುಳಿತರು. ಆ ನೋಟವನ್ನು ನಾನು ಬರೆದುಕೊಳ್ಳಲಿಲ್ಲ, ಆದರೆ ಮರೆತಿಲ್ಲ.

ಅತಿಥಿಗಳು ವೇದಿಕೆ ಹತ್ತಿದರು. ಶಾಲು ಬಂತು, ಹಾರ ಬಂತು. ಪೇಟದ ತಟ್ಟೆ ಬರಲಿಲ್ಲ. ವೇದಿಕೆಯ ಹಿಂದೆ ಗುಸುಗುಸು ಶುರುವಾಯಿತು. ಯಾರೋ ಖಾಲಿ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಅಲುಗಿಸಿದರು.

“ಪೇಟಾ ಬೇಡ, ಶಾಲು ಸಾಕು,” ಎಂದರು ಅಧಿಕಾರಿ.

ಆಗ ಬಿಳಿ ರುಮಾಲಿನ ಅಜ್ಜ ಸಭೆಯ ನಡುವಿನಿಂದ ಎದ್ದು ನಿಂತರು. “ಯಾಕ ಸಾಕು? ಇಂಡ್ಯಾಗ ಹಾಕ್ಯಾರ, ಸಿಂದಗ್ಯಾಗ ಹಾಕ್ಯಾರ, ಮುದ್ದೇಬಿಹಾಳದಾಗ ಹಾಕ್ಯಾರ. ನಮ್ಮೂರಿಂದ ಬರೇ ತಲೀಲೆ ಕಳಸ್ತೀರೇನು?”

ಊರಿನವರೆಲ್ಲ ಹೌದು ಹೌದು ಎಂದರು. ವಾಹನದಲ್ಲಿದ್ದ ರಾಶಿಯಿಂದ ಒಂದನ್ನು ತಂದು ಹಾಕೋಣವೇ ಎಂದು ಒಬ್ಬ ಸಣ್ಣ ದನಿಯಲ್ಲಿ ಕೇಳಿದ. ಸಿಂದಗಿಯವರ ಪೇಟಾ ನಾವು ಹಾಕೋದೇ ಎಂದು ಅವನನ್ನು ಕೂರಿಸಿದರು. ಅಜ್ಜ ಆಗಲೇ ಒಬ್ಬ ಮೊಮ್ಮಗಳನ್ನು ಮನೆಗೆ ಓಡಿಸಿದ್ದರು. ಮನೆ ಎದುರಿನಲ್ಲೇ ಇತ್ತು. ಅವಳು ಟ್ರಂಕಿನಿಂದ ಒಂದು ಹೊಸ ರುಮಾಲು ತಂದಳು. ಬಿಳಿ ಬಟ್ಟೆ, ಅಂಚಿಗೆ ಕೆಂಪು ಜರಿ. ಮಡಿಕೆ ಬಿಚ್ಚಿದರೆ ಹದಿನೈದು ಮೊಳ ಉದ್ದ. ಹಬ್ಬಕ್ಕೆ ಸುತ್ತಿಕೊಳ್ಳಲು ಅಜ್ಜ ಇಟ್ಟುಕೊಂಡಿದ್ದು ಅದು. ಹಿಂದೆ ಸುತ್ತಲಿನ ಊರುಗಳಲ್ಲಿ ಮದುಮಕ್ಕಳಿಗೆಲ್ಲ ಅವರೇ ರುಮಾಲು ಸುತ್ತುತ್ತಿದ್ದರಂತೆ.

ರುಮಾಲು ಸುತ್ತುವುದನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಇನ್ನೊಬ್ಬರ ತಲೆಗೆ ಸುತ್ತುವಾಗ ಬಟ್ಟೆಯ ಆಚೆ ತುದಿಯನ್ನು ಒಬ್ಬರು ಬಿಗಿಯಾಗಿ ಹಿಡಿದು ನಿಲ್ಲಬೇಕು. ಸಡಿಲ ಬಿಟ್ಟರೆ ಸುತ್ತು ಕೂರುವುದಿಲ್ಲ. ಸುತ್ತುತ್ತ ಹೋದ ಹಾಗೆ ಹಿಡಿದವರು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಾರೆ. ಸುತ್ತಿಸಿಕೊಳ್ಳುವವರು ತಲೆ ಅಲುಗಿಸಬಾರದು.

ಅಧ್ಯಕ್ಷರನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ ಅಜ್ಜ ಹಿಂದೆ ನಿಂತರು. “ಯವ್ವಾ, ಬಾ ಇಲ್ಲೆ. ತುದಿ ಹಿಡಿ,” ಎಂದು ಸೊಸೆಯನ್ನು ಕರೆದರು.

ಅಕ್ಕಾರ ವೇದಿಕೆ ಹತ್ತಿ ತುದಿ ಹಿಡಿದು ಆಚೆ ಅಂಚಿಗೆ ಹೋಗಿ ನಿಂತರು. ಈಗ ಒಂದು ತುದಿಯಲ್ಲಿ ಅಧ್ಯಕ್ಷರ ತಲೆ, ಇನ್ನೊಂದು ತುದಿಯಲ್ಲಿ ಅಕ್ಕಾರ, ನಡುವೆ ಬಿಗಿಯಾದ ಬಿಳಿ ಬಟ್ಟೆ. ಇಬ್ಬರೂ ಎದುರುಬದುರು. ಸಮಯ ಐದು ಇಪ್ಪತ್ತೊಂಬತ್ತು.

ಮೊದಲ ಸುತ್ತು ಮುಗಿಯುವವರೆಗೆ ಅಕ್ಕಾರ ಬಟ್ಟೆಯನ್ನು ಬಿಗಿಯಾಗಿ ಹಿಡಿದು ನಿಂತರು. ಆಮೇಲೆ ದುಭಾಷಿ ಮೇಡಂ ಕಡೆ ತಿರುಗಿ, “ತಂಗಿ, ಇವರಿಗೆ ಹೇಳವಾ. ಇವರು ಬರದಿದ್ದು ನಾನು ಓದೇನಿ. ಘಟಕ ಅಂದ್ರ ಬ್ಯಾರೆ ಕಟ್ಟಡ ಅಂತ ಬರದಾರ. ನಮ್ಮ ಘಟಕ ನಮ್ಮ ಒಲಿ. ಅಂಥಾವು ಮೂವತ್ತೆಂಟು ಅದಾವ. ಅವನ್ನ ಲೆಕ್ಕಕ್ಕ ಹಿಡೀರಿ ಅಂತ ಹೇಳು,” ಎಂದರು.

ಮುಖ್ಯವಾದದ್ದು ಮೊದಲು. ನಾನು ಗಡಿಯಾರ ನೋಡಿದೆ.

ಮೇಡಂ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಆಕಾಶ ನೋಡಿದರು. ಮೇಡಂ ಅನುವಾದ ಮಾಡಿದರು. ಅಧ್ಯಕ್ಷರು ಸೌಜನ್ಯಕ್ಕೆ ತಲೆಯಾಡಿಸಲು ಹೋದರು. “ಏಯ್, ಅಲುಗಾಡಬ್ಯಾಡ್ರಿ!” ಎಂದು ಅಜ್ಜ ಎರಡೂ ಕೈಯಿಂದ ತಲೆ ಹಿಡಿದು ನೆಟ್ಟಗೆ ಮಾಡಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಅಕ್ಕಾರ ಒಂದು ಹೆಜ್ಜೆ ಮುಂದೆ ಬಂದರು. ಕೈಗೂಸಿನ ಮಾತು ಹೇಳಿದರು. ಇನ್ನೊಂದು ಹೆಜ್ಜೆ. ಹಾಸಿಗೆ ಹಿಡಿದ ಅತ್ತೆಯ ಮಾತು. ಪಕ್ಕದೂರಿನ ಶೆಡ್ಡಿನ ಮಾತು ಬಂದಾಗ ಅಜ್ಜ ಸುತ್ತುವ ಕೈ ನಿಲ್ಲಿಸದೆ, “ಆಡೂ ಐತಿ ಅಂತ ಹೇಳವಾ ಅವರಿಗೆ,” ಎಂದರು. ಮೇಡಂ ಅದನ್ನೂ ಹೇಳಿದರು. ಸಚಿವೆ ಜೋರಾಗಿ ನಕ್ಕರು. ಅಧ್ಯಕ್ಷರು ಅಲುಗಾಡದೆ ನಗುವುದು ಹೇಗೆ ಎಂದು ತಿಳಿಯದೆ ಕಣ್ಣಲ್ಲೇ ನಕ್ಕರು.

ಭಾಷಣ ಮುಗಿಯುವ ಹೊತ್ತಿಗೆ ಅಕ್ಕಾರ ಸ್ಟೂಲಿನ ಹತ್ತಿರ ಬಂದಿದ್ದರು. ನಾಲ್ಕೂ ಮುಕ್ಕಾಲು ನಿಮಿಷ. ತುದಿ ಸಿಕ್ಕಿಸುವುದೊಂದೇ ಬಾಕಿ. ಅಧಿಕಾರಿ ವಾಹನಗಳ ಕಡೆ ಕೈ ಮಾಡಿದರು. ಅಜ್ಜ ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, “ಊಂ ಹೂಂ. ಎಡಗಡೆ ಸಡ್ಲಾಗೇತಿ,” ಎಂದು ಪೂರ್ತಿ ಬಿಚ್ಚಿಬಿಟ್ಟರು.

“ಅಜ್ಜಾ, ಸಾಕು, ಚೆನ್ನಾಗೇ ಇತ್ತು!” ಎಂದರು ಅಧಿಕಾರಿ.

“ನಿಮಗ ಚಂದ ಕಂಡಿರಬಹುದ್ರಿ ಸಾಹೇಬ್ರ. ಮುಂದಿನ ಊರಾಗ ಬಿಚ್ಚಿ ಬಿದ್ರ ಹೆಸರು ಯಾರದು ಕೆಡ್ತೈತಿ?”

ಅಕ್ಕಾರ ಮತ್ತೆ ತುದಿ ಹಿಡಿದು ಅಂಚಿಗೆ ನಡೆದರು. ಹೇಳಬೇಕಾದದ್ದು ಮುಗಿದಿತ್ತು. ಅಂಥ ಹೊತ್ತಿನಲ್ಲಿ ಸಚಿವೆ ಮುಂದಕ್ಕೆ ಬಾಗಿ ಒಂದು ಪ್ರಶ್ನೆ ಕೇಳಿದರು. ಮೂವತ್ತೆಂಟು ಮನೆಯಲ್ಲಿ ಮಾಡಿದರೆ ಒಂದೇ ಗುಣಮಟ್ಟ ಹೇಗೆ ಉಳಿಯುತ್ತದೆ? ಎಲ್ಲೋ ಒಂದು ಕಡೆ ಕೆಟ್ಟರೆ ಯಾರದ್ದು ಎಂದು ಹೇಗೆ ಗೊತ್ತಾಗುತ್ತದೆ? ಕಟ್ಟಡ ಎಂದು ಬರೆದದ್ದೇ ಆ ಕಾರಣಕ್ಕೆ ಎಂದೂ ಸೇರಿಸಿದರು.

ಅಕ್ಕಾರ ಉತ್ತರ ಕೊಡುವ ಮೊದಲು ನನ್ನ ಕಡೆ ನೋಡಿದರು. ಈ ಸಲದ ನೋಟ ಬೇರೆ ಇತ್ತು.

“ಪ್ರತಿಯೊಬ್ಬಾಕಿ ಕಟ್ಟಿಗೂ ಬ್ಯಾರೆ ಬಣ್ಣದ ದಾರ ಕಟ್ಟತೇವ್ರಿ. ನನ್ನದು ಹಸರು. ಆಕೀದು ಕೆಂಪು. ಬಣ್ಣ ಸಾಲಲಿಲ್ಲ ಅಂತ ಉಳದವರು ಎರಡು ದಾರ ಕೂಡಿಸಿ ಹೊಸೆದು ಕಟ್ಟತಾರ. ಪುಣೇದಾಗ ರೊಟ್ಟಿ ಮುರದಿತ್ತು ಅಂದ್ರ ದಾರದ ಬಣ್ಣ ಫೋನಿನಾಗ ಹೇಳತಾರ. ಅದು ಯಾರ ಒಲೀದು ಅಂತ ಇಲ್ಲಿ ಕೂಡ್ಲೇ ಗೊತ್ತಾಗ್ತೈತಿ. ಆ ವಾರ ಆಕಿ ಮನೀಗೆ ನಾವು ಇಬ್ಬರು ಹೋಗಿ ಹಿಟ್ಟು ನೋಡತೇವಿ, ಹಂಚು ನೋಡತೇವಿ. ಎಲ್ಲಾರೂ ಒಂದು ಶೆಡ್ಡಿನಾಗ ಕುಂತು ಒಂದು ರಾಶಿ ಹಾಕಿದ್ವಿ ಅಂದ್ರ ಯಾರದು ಅಂತ ಹ್ಯಾಂಗ ಹೇಳೂನ್ರಿ?”

ಮೇಡಂ ಅನುವಾದಿಸಿ ಮುಗಿಸಿದಾಗ ಬರೆದುಕೊಳ್ಳುವ ಮೂವರೂ ಏಕಕಾಲಕ್ಕೆ ಬರೆಯತೊಡಗಿದ್ದರು. ಮುಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಕೆಂಪು ದಾರ ಕಟ್ಟಿದ ರೊಟ್ಟಿಯ ಕಟ್ಟನ್ನು ಎತ್ತಿ ಹಿಡಿದು, “ಇದು ನಂದ್ರಿ!” ಎಂದು ಕೂಗಿದಳು. ಇನ್ನೊಬ್ಬಳು, “ಹೋದ ತಿಂಗಳ ಮುರದದ್ದೂ ಆಕೀದ ರೀ!” ಎಂದಳು. ಚಪ್ಪರವೆಲ್ಲ ನಗು. ಕೆಂಪು ದಾರದವಳೂ ನಕ್ಕಳು, ಆದರೆ ಪಕ್ಕದವಳ ತೊಡೆಗೆ ಒಂದು ಗುದ್ದು ಬಿತ್ತು.

ಅಧ್ಯಕ್ಷರು ತಲೆ ಅಲುಗಿಸದೆ, ಎದುರು ನೋಡುತ್ತಲೇ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಕೇಳಿದರು. ಹಾಗಾದರೆ ಗುರುತು ಮುಖ್ಯವೋ, ಗೋಡೆ ಮುಖ್ಯವೋ ಎಂಬ ಅರ್ಥದ ಮಾತು. ಅದು ಅಕ್ಕಾರಿಗೆ ಕೇಳಿದ್ದಲ್ಲ, ಸಚಿವೆಗೆ ಕೇಳಿದ್ದು. ಸಚಿವೆ ಗುಲಾಬಿ ಪೇಟದ ಕೆಳಗಿನಿಂದ ಹುಬ್ಬು ಮೇಲೆತ್ತಿದರು. ಅಷ್ಟೇ.

ಐದು ಮೂವತ್ತೊಂಬತ್ತಕ್ಕೆ ಅಜ್ಜ ತುದಿ ಸಿಕ್ಕಿಸಿದರು. ಹತ್ತು ನಿಮಿಷ. ಅಧ್ಯಕ್ಷರು ಎದ್ದು ನಿಂತಾಗ ರುಮಾಲು ಸೇರಿ ಅವರ ತಲೆ ಚಪ್ಪರದ ಬಟ್ಟೆಗೆ ತಾಗಿತು. ಕನ್ನಡಿಯಿರಲಿಲ್ಲ. ಫೋಟೋಗ್ರಾಫರನ ಕ್ಯಾಮೆರಾದಲ್ಲೇ ನೋಡಿಕೊಂಡು ಅಜ್ಜನ ಎರಡೂ ಕೈ ಹಿಡಿದು ಕುಲುಕಿದರು. ವಾಹನಗಳು ಹೊರಟವು. ಹಿಂದಿನ ಕಿಟಕಿಯಲ್ಲಿ ಪೇಟಗಳ ರಾಶಿಯ ಮೇಲೆ ಬಿಳಿ ರುಮಾಲು ಬಹಳ ದೂರದವರೆಗೆ ಕಾಣಿಸುತ್ತಿತ್ತು. ವಿಮಾನ ತಪ್ಪಲಿಲ್ಲ ಎಂದು ಮರುದಿನ ಅಧಿಕಾರಿ ತಾವಾಗಿಯೇ ಫೋನ್ ಮಾಡಿ ಹೇಳಿದರು. ಬಹಳ ಖುಷಿಯಲ್ಲಿದ್ದರು.

“ಅಜ್ಜ ಬೇಕಂತ್ಲೇ ಬಿಚ್ಚಿದ್ರಾ?” ಎಂದು ನನ್ನನ್ನು ಕೇಳಿದರು.

“ನನಗೆ ಗೊತ್ತಿಲ್ಲ,” ಅಂದೆ. ಅದನ್ನು ನಾನು ಅದೇ ಸಂಜೆ ಅಜ್ಜನನ್ನು ಕೇಳಿದ್ದೆ. “ರುಮಾಲ ಸುತ್ತೂದ್ರಾಗ ಅವಸರ ಮಾಡಬಾರ್ದು,” ಎಂದಷ್ಟೇ ಹೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಿದ್ದರು.

ನಾನು ಕಳುಹಿಸಿದ ವರದಿಯಲ್ಲಿ ನಾಲ್ಕು ಊರು, ಐದು ಅತಿಥಿಗಳು, ವೇದಿಕೆಯ ಮೇಲಿದ್ದ ಎಲ್ಲರ ಹೆಸರು ಇದ್ದವು. ದಾರದ ವಿಷಯಕ್ಕೆ ಒಂದು ಪೂರ್ತಿ ಪ್ಯಾರಾ ಕೊಟ್ಟಿದ್ದೆ. ಕಚೇರಿಯಲ್ಲಿ ಪುಟ ಮಾಡುವ ಗೆಳೆಯ ಅದನ್ನೇ ಕತ್ತರಿಸಿದ. ಫೋನ್ ಮಾಡಿ ಯಾಕೆಂದು ಕೇಳಿದೆ. ಸಣ್ಣ ವಿಷಯ, ಜಾಗ ಇರಲಿಲ್ಲ ಎಂದ. ಅವನಿಗೆ ಬೈಯುವ ಅರ್ಹತೆ ನನಗಿರಲಿಲ್ಲ. ಇನ್ನೂ ಒಮ್ಮೆ ಕೇಳಿ ಎರಡು ಸಾಲು ಹಾಕಿಸಿದೆ.

ನಾಲ್ಕು ತಿಂಗಳ ಮೇಲೆ ಅಂತಿಮ ನಿಯಮಗಳು ಬಂದವು. ಕಚೇರಿಯಲ್ಲಿ ಪ್ರತಿ ಸಿಕ್ಕ ದಿನವೇ ಬಾಗೇವಾಡಿಯ ಬಸ್ಸು ಹಿಡಿದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮೊದಲ ಸಲ ಓದಿದ್ದು ಆ ಒಲೆಯ ಮುಂದೆ, ಇದನ್ನೂ ಅಲ್ಲೇ ಓದಬೇಕು ಅನ್ನಿಸಿತು.

ಅಕ್ಕಾರ ರೊಟ್ಟಿ ಬಡಿಯುತ್ತಿದ್ದರು. ಎಡಗೈಯಿಂದ ತಿರುವುತ್ತ, ಬಲಗೈಯಿಂದ ಬಡಿಯುತ್ತ, “ಓದ್ರಿ. ಕಿವಿ ನಿಮ್ಮ ಕಡೇನ ಐತಿ,” ಎಂದರು.

ಓದಿದೆ. ತಯಾರಿಸಿದವರು ಯಾರೆಂದು ಪ್ರತಿ ಕಟ್ಟಿನಿಂದಲೂ ತಿಳಿಯುವ ಗುರುತು ಇದ್ದರೆ, ವಾಸದ ಮನೆಯ ಅಡುಗೆಮನೆಯೂ ಘಟಕವೇ ಎಂದು ಆ ಸಾಲು ಹೇಳುತ್ತಿತ್ತು.

ಬಡಿಯುವ ಸದ್ದು ನಿಂತಿತು. “ಇನ್ನೊಮ್ಮೆ ಓದ್ರಿ.”

ಇನ್ನೊಮ್ಮೆ ಓದಿದೆ.

“ಎಲ್ಲೈತಿ, ತೋರ್ಸ್ರಿ.” ಹಿಟ್ಟಿನ ಬೆರಳನ್ನು ಆ ಸಾಲಿನ ಮೇಲೆ ಇಟ್ಟು, ಒಂದೊಂದೇ ಅಕ್ಷರ ತಾವೇ ಓದಿಕೊಂಡರು. ಅಡುಗೆಮನೆ ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬಾಗಿಲಿಗೆ ಬಂದು, ಓಣಿಗೆಲ್ಲ ಕೇಳುವ ಹಾಗೆ, “ಏ ಕೆಂಪ ದಾರದಾಕಿ! ಮೂವತ್ತೆಂಟೂ ಬಂದಾವ! ಬರ್ರಿ ಎಲ್ಲಾರೂ!” ಎಂದು ಕೂಗಿದರು.

ಇಷ್ಟಕ್ಕೆ ಆ ಹತ್ತು ನಿಮಿಷವೇ ಕಾರಣ ಎಂದು ನಾನು ಬರೆಯಲಾರೆ. ಸಮಿತಿ ಬೇರೆ ದೇಶಗಳಲ್ಲೂ ಅಡುಗೆಮನೆಗಳನ್ನು ನೋಡಿರಬಹುದು. ಗುರುತು ಎಂಬ ಮಾತು ಕರಡಿನಲ್ಲಿ ಇರಲಿಲ್ಲ, ಅಂತಿಮ ನಿಯಮದಲ್ಲಿ ಇದೆ. ನಾನು ಬರೆಯಬಹುದಾದದ್ದು ಅಷ್ಟು.

ಹೆಣ್ಣುಮಕ್ಕಳು ಕೈಯಲ್ಲಿದ್ದ ಕೆಲಸ ಬಿಟ್ಟು ಒಬ್ಬೊಬ್ಬರೇ ಬರತೊಡಗಿದರು. ಹಂಚಿನ ಮೇಲಿನ ರೊಟ್ಟಿ ಕರಿಕಾಯಿತು, ಯಾರೂ ಲಕ್ಷ್ಯ ಕೊಡಲಿಲ್ಲ. ಹಸಿರು ದಾರದ ಕಟ್ಟಿಗೆ ಸೇರದ ಆ ಕರಿಕು ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿಪುಡಿ, ಎಣ್ಣೆ ಹಾಕಿ ನನಗೆ ಕೊಟ್ಟರು. ತಿನ್ನುತ್ತಿದ್ದಾಗ ಕಟ್ಟೆಯ ಮೇಲಿನಿಂದ ಅಜ್ಜ ನನ್ನನ್ನು ಕರೆದರು.

“ಸಾಹೇಬ್ರ, ಆ ಹಾಳಿ ಪೂರ್ತಿ ಓದೀರೇನು?”

“ಓದೇನ್ರಿ ಅಜ್ಜಾ.”

“ಅದರಾಗ ನನ್ನ ರುಮಾಲ ಯಾವಾಗ ತಿರುಗಿ ಕಳಸ್ತೇವಿ ಅಂತ ಏನರ ಬರದಾರೇನು?”